ಡ್ರಾಫ್ಟ್ ಆದ ರಷ್ಯನ್ ಹುಡುಗ ಆ ವರ್ಷವೇ ಯಾಕೆ ಬರಲ್ಲ?

ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಫಿಲಡೆಲ್ಫಿಯಾ ಹತ್ತಿರ ಇದ್ದೇವೆ. ಮಗನಿಗೆ 13 ವರ್ಷ, ಐಸ್ ಹಾಕಿ ಅಂದ್ರೆ ಪ್ರಾಣ. ಇಲ್ಲಿನ ಫ್ಲೈಯರ್ಸ್ ತಂಡ 2023ರಲ್ಲಿ ಮಟ್ವೇ ಮಿಚ್ಕೋವ್‌ನನ್ನು ಆರಿಸಿಕೊಂಡಾಗ, ಈ ಹುಡುಗ 2026ರವರೆಗೆ ಬರೋದಿಲ್ಲ ಅಂತ ಎಲ್ಲರೂ ಹೇಳಿದರು. ನೋಡಿದರೆ 2024ಕ್ಕೇ ಬಂದ. ಅದೇ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಕಾನರ್ ಬೆಡಾರ್ಡ್ ಅದೇ ಅಕ್ಟೋಬರ್‌ನಲ್ಲಿ ಷಿಕಾಗೋ ಪರ ಆಡಿದ್ದ. ರಷ್ಯದ ಹುಡುಗರಿಗೆ ಮಾತ್ರ ಯಾಕೆ ಇಷ್ಟು ಸುತ್ತು? 16–17ಕ್ಕೇ ಕೆನಡಾಗೆ ಬಂದುಬಿಟ್ಟರೆ ಒಳ್ಳೆಯದಲ್ವಾ? ಪ್ರತಿ ವರ್ಷ ಹೊಸ ಹೆಸರು ಕೇಳಿಬರುತ್ತೆ, ಅವರಲ್ಲಿ ಯಾರು ನಿಜವಾಗಿ ಬರ್ತಾರೆ ಅಂತ ತಿಳಿಯೋದು ಹೇಗೆ?

ಉತ್ತರ: ಮೊದಲು ಡ್ರಾಫ್ಟ್ ಬಗ್ಗೆ ಹೇಳಿಬಿಡ್ತೀನಿ, ಗೊಂದಲ ಶುರುವಾಗೋದೇ ಅಲ್ಲಿಂದ. ನಮ್ಮವರು ಇದನ್ನು ಐಪಿಎಲ್ ಹರಾಜಿನ ಹಾಗೆ ಅಂದುಕೊಳ್ತಾರೆ. ಹರಾಜಿನಲ್ಲಿ ಆಟಗಾರ ತಾನೇ ಹೆಸರು ಕೊಟ್ಟಿರ್ತಾನೆ, ದುಡ್ಡು ಅಲ್ಲೇ ನಿಗದಿಯಾಗುತ್ತೆ, ಮುಂದಿನ ಸೀಸನ್‌ಗೆ ಬಂದು ಆಡ್ತಾನೆ. ಎನ್‌ಎಚ್‌ಎಲ್ ಅಂದರೆ ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್, ಅದರ ಡ್ರಾಫ್ಟ್‌ನಲ್ಲಿ ಇದ್ಯಾವುದೂ ಇಲ್ಲ. 32 ತಂಡಗಳು, 7 ರೌಂಡ್, ಸುಮಾರು 224 ಹುಡುಗರು. ಒಬ್ಬ ಹುಡುಗನ ಹೆಸರನ್ನು ಒಂದು ತಂಡ ಕೂಗಿತು ಅಂದರೆ, ಎನ್‌ಎಚ್‌ಎಲ್‌ನಲ್ಲಿ ಅವನ ಜೊತೆ ಒಪ್ಪಂದ ಮಾಡಿಕೊಳ್ಳುವ ಹಕ್ಕು ಆ ಒಂದು ತಂಡಕ್ಕೆ ಮಾತ್ರ ಸಿಕ್ಕಿತು ಅಂತ, ಅಷ್ಟೇ. ಹುಡುಗ ಇನ್ನೂ ಯಾವುದಕ್ಕೂ ಸಹಿ ಹಾಕಿಲ್ಲ. ಅವನ ಕೈಯಲ್ಲಿ ರಷ್ಯದ ಕ್ಲಬ್‌ನ ಒಪ್ಪಂದ ಇದ್ದರೆ ಅದು ಹಾಗೇ ಇರುತ್ತೆ.

ಬೆಡಾರ್ಡ್ ಆಡ್ತಿದ್ದದ್ದು ರೆಜೈನಾ ಪ್ಯಾಟ್ಸ್ ಅನ್ನುವ ಕೆನಡಾದ ಜೂನಿಯರ್ ತಂಡದಲ್ಲಿ. ಆ ಜೂನಿಯರ್ ಲೀಗ್‌ಗಳಿಗೂ ಎನ್‌ಎಚ್‌ಎಲ್‌ಗೂ ಒಪ್ಪಂದ ಇದೆ. ತಂಡ ಬೇಕು ಅಂದರೆ ಹುಡುಗ ಜೂನ್‌ನಲ್ಲಿ ಡ್ರಾಫ್ಟ್ ಆಗಿ ಅಕ್ಟೋಬರ್‌ನಲ್ಲಿ ಆಡಬಹುದು. ಮಿಚ್ಕೋವ್‌ಗೆ ಸೇಂಟ್ ಪೀಟರ್ಸ್‌ಬರ್ಗ್‌ನ ಎಸ್‌ಕೆಎ ಕ್ಲಬ್ ಜೊತೆ 2026ರವರೆಗೆ ಒಪ್ಪಂದ ಇತ್ತು. ಅವನು 7ನೇ ಜಾಗಕ್ಕೆ ಇಳಿದದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅಭಿಪ್ರಾಯ. ಆಟ ಒಂದನ್ನೇ ನೋಡಿದ್ದರೆ ಅಷ್ಟು ಕೆಳಗೆ ಬರುವ ಹುಡುಗ ಅಲ್ಲವೇ ಅಲ್ಲ. 2021ರ 18 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಟೆಕ್ಸಾಸ್‌ನಲ್ಲಿ, 16 ವರ್ಷದ ಈ ಹುಡುಗ 7 ಪಂದ್ಯಕ್ಕೆ 12 ಗೋಲ್ ಹೊಡೆದು ಟೂರ್ನಿಯ ಶ್ರೇಷ್ಠ ಆಟಗಾರ ಆಗಿದ್ದ. ಆಮೇಲೆ 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯಿತು, ಅಂತಾರಾಷ್ಟ್ರೀಯ ಐಸ್ ಹಾಕಿ ಫೆಡರೇಶನ್ ರಷ್ಯವನ್ನು ಹೊರಗಿಟ್ಟಿತು, ಹೊಸ ಆಟಗಾರರನ್ನು ಹುಡುಕುವ ಸ್ಕೌಟ್‌ಗಳಿಗೆ ಅಲ್ಲಿಗೆ ಹೋಗಿ ನೋಡುವುದೇ ಕಷ್ಟವಾಯಿತು. ವಿಶ್ವ ಟೂರ್ನಿಗಳಲ್ಲಿ ಸ್ವೀಡನ್, ಕೆನಡಾ ಹುಡುಗರ ಎದುರು ನಿಲ್ಲಿಸಿ ಅಳೆಯುವ ಅವಕಾಶವೂ ಹೋಯಿತು. ಮೊದಲೆರಡು ಮೂರು ಜಾಗದ ಆಯ್ಕೆ ಕೈಯಲ್ಲಿರುವ ಮ್ಯಾನೇಜರ್, ನಾಳೆಯೇ ಬರುವ ಹುಡುಗನನ್ನು ಬಿಟ್ಟು ಮೂರು ವರ್ಷ ಕಾಯಬೇಕಾದವನನ್ನು ತೆಗೆದುಕೊಳ್ಳೋದು ಅಷ್ಟು ಸುಲಭ ಅಲ್ಲ. ಅವನ ಕೆಲಸವೇ ಅಷ್ಟು ದಿನ ಉಳಿಯದೇ ಹೋಗಬಹುದು.

ನಿಮ್ಮ ಮಗ ಒಂದು ಸಣ್ಣ ಲೆಕ್ಕ ತಿಳ್ಕೊಂಡಿರಲಿ. ಆ ವರ್ಷದ ಸೆಪ್ಟೆಂಬರ್ 15ರ ಒಳಗೆ 18 ತುಂಬುವ ಹುಡುಗ ಮಾತ್ರ ಆ ಡ್ರಾಫ್ಟ್‌ಗೆ ಅರ್ಹ. ಮಿಚ್ಕೋವ್ ಹುಟ್ಟಿದ್ದು 2004ರ ಡಿಸೆಂಬರ್ 9ಕ್ಕೆ, ಪೆರ್ಮ್‌ನಲ್ಲಿ. ಹಾಗಾಗಿ 2022ರ ಡ್ರಾಫ್ಟ್ ಅವನಿಗೆ ತಪ್ಪಿ, 2005ರ ಜುಲೈನಲ್ಲಿ ಹುಟ್ಟಿದ ಬೆಡಾರ್ಡ್ ಜೊತೆ 2023ಕ್ಕೆ ಬಂದ. ಮಾಂಟ್ರಿಯಲ್ ತಂಡದ ರಷ್ಯನ್ ಹುಡುಗ ಇವಾನ್ ಡೆಮಿಡೋವ್ 2005ರ ಡಿಸೆಂಬರ್ 10ರಂದು ಹುಟ್ಟಿದವನು, ಅವನದು 2024. ವರ್ಷದ ಕೊನೆಯಲ್ಲಿ ಹುಟ್ಟಿದವರಿಗೆ ಡ್ರಾಫ್ಟ್‌ಗೆ ಮೊದಲು ಒಂದು ಸೀಸನ್ ಜಾಸ್ತಿ ಸಿಗುತ್ತೆ. ಇಬ್ಬರ ಅಂಕಗಳನ್ನು ಹೋಲಿಸುವಾಗ ಇದನ್ನು ಮರೆಯಬಾರದು.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರೋಣ. ರಷ್ಯದವರಿಗೆ ಮಾತ್ರ ಯಾಕೆ?

ಸ್ವೀಡನ್, ಫಿನ್ಲೆಂಡ್, ಚೆಕ್ ಇವರೆಲ್ಲ ಎನ್‌ಎಚ್‌ಎಲ್ ಜೊತೆ ವರ್ಗಾವಣೆ ಒಪ್ಪಂದ ಮಾಡಿಕೊಂಡಿದ್ದಾರೆ. ಅಲ್ಲಿಂದ ಹುಡುಗ ಹೊರಟರೆ ಅವನನ್ನು ಬೆಳೆಸಿದ್ದಕ್ಕೆ ಹಣ ಬರುತ್ತೆ. ರಷ್ಯದ ಜೊತೆ 2005ರಿಂದ ಅಂಥ ಒಪ್ಪಂದ ಇಲ್ಲ. ಎರಡೂ ಲೀಗ್‌ಗಳು ಪರಸ್ಪರರ ಕರಾರುಗಳನ್ನು ಗೌರವಿಸ್ತೀವಿ ಅಂತ ಒಂದು ತಿಳುವಳಿಕೆ ಪತ್ರ ಇಟ್ಟುಕೊಂಡಿದ್ದವು, ಅದನ್ನೂ ಎನ್‌ಎಚ್‌ಎಲ್ 2022ರಲ್ಲಿ ಅಮಾನತಿನಲ್ಲಿಟ್ಟಿತು. ಕರಾರು ಉಳಿದಿರುವ ಆಟಗಾರನ ಮೇಲೆ ಕೈಹಾಕಬಾರದು ಅನ್ನುವುದನ್ನು ಮಾತ್ರ ಅದಾದ ಮೇಲೂ ತಂಡಗಳು ಪಾಲಿಸುತ್ತಾ ಬಂದಿವೆ.

ಇದರ ಪರಿಣಾಮ ನೇರವಾಗಿ ಹುಡುಗನ ಮೇಲೆ ಬೀಳುತ್ತೆ. ರಷ್ಯದ ಕ್ಲಬ್ ಒಂದು ಮಗುವನ್ನು ಐದು ವರ್ಷಕ್ಕೆ ಐಸ್ ಮೇಲೆ ನಿಲ್ಲಿಸಿ, 18ರವರೆಗೆ ತನ್ನ ಶಾಲೆಯಲ್ಲಿ ಬೆಳೆಸಿ, ಕೊನೆಗೆ ಅವನು ಹೊರಟಾಗ ಬಿಡಿಗಾಸೂ ಸಿಗದೆ ನಿಂತಿರುತ್ತೆ. ಅವರ ಜಾಗದಲ್ಲಿ ನಿಂತು ನೋಡಿದರೆ ಸಿಟ್ಟು ಬರೋದು ಸಹಜ. ಹಾಗಾಗಿ ಕ್ಲಬ್‌ಗಳು ಹುಡುಗ ಚಿಕ್ಕವನಿರುವಾಗಲೇ ಉದ್ದದ ಕರಾರು ಮಾಡಿಸಿಕೊಳ್ತವೆ. ಕರಾರು ಮುಗಿಯುವ ವರ್ಷ ಬಂತು, ಹುಡುಗ ಮುಂದುವರಿಸಲು ಒಪ್ಪುತ್ತಿಲ್ಲ ಅಂದರೆ ಕೋಚ್ ಅವನನ್ನು ಯಾಕೆ ಆಡಿಸಬೇಕು? ಆ ನಿಮಿಷಗಳನ್ನು ಮುಂದಿನ ವರ್ಷವೂ ಇಲ್ಲೇ ಇರುವವನಿಗೆ ಕೊಡ್ತಾನೆ. ಡ್ರಾಫ್ಟ್ ಆದ ರಷ್ಯನ್ ಹುಡುಗ ಬೆಂಚ್ ಮೇಲೆ ಕೂತಿದ್ದಾನೆ ಅನ್ನುವ ಸುದ್ದಿ ಓದಿದಾಗ, ಅವನ ಆಟದಲ್ಲಿ ಏನೋ ದೋಷ ಇದೆ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಎಷ್ಟೋ ಸಲ ಕಾರಣ ಕರಾರಿನ ಕೊನೆಯ ತಾರೀಖಿನಲ್ಲಿರುತ್ತೆ.

ಅಲ್ಲಿನ ಏಣಿ ಹೇಗಿದೆ ಅಂತ ಸ್ವಲ್ಪ ಹೇಳ್ತೀನಿ. ಮೇಲೆ ಕೆಎಚ್‌ಎಲ್. 2008ರಲ್ಲಿ ಶುರುವಾಯಿತು, ಅಲ್ಲಿನ ದೊಡ್ಡ ಪ್ರಶಸ್ತಿ ಗಗಾರಿನ್ ಕಪ್. ಅದರ ಕೆಳಗೆ ವಿಎಚ್‌ಎಲ್, ದೊಡ್ಡವರದೇ ಎರಡನೇ ದರ್ಜೆ. ಆಮೇಲೆ ಎಮ್‌ಎಚ್‌ಎಲ್, ಇದು ಹುಡುಗರ ಲೀಗ್. ದೊಡ್ಡ ಕ್ಲಬ್ ಒಂದಕ್ಕೆ ಈ ಮೂರರಲ್ಲೂ ತನ್ನದೇ ತಂಡ ಇರುತ್ತೆ, ಹುಡುಗನನ್ನು ಒಂದೇ ತಿಂಗಳಲ್ಲಿ ಮೂರೂ ಕಡೆ ಓಡಾಡಿಸಬಹುದು. ಮಿಚ್ಕೋವ್ ಪೆರ್ಮ್‌ನಿಂದ ಯಾರೋಸ್ಲಾವ್ಲ್‌ನ ಲೊಕೊಮೋಟಿವ್ ಶಾಲೆಗೆ, ಅಲ್ಲಿಂದ ಪೀಟರ್ಸ್‌ಬರ್ಗ್‌ಗೆ ಹೋದವನು. 2022ರ ಶರತ್ಕಾಲದಲ್ಲಿ ಎಸ್‌ಕೆಎ ದೊಡ್ಡ ತಂಡದಲ್ಲಿ ಅವನಿಗೆ ಸಿಕ್ಕಿದ್ದು ಬರೀ 3 ಪಂದ್ಯ. ದುಡ್ಡಿರುವ ಕ್ಲಬ್, ಹೆಸರುವಾಸಿ ಆಟಗಾರರ ಸಾಲೇ ಇದೆ, ಪ್ರತಿ ವರ್ಷ ಕಪ್ ಗೆಲ್ಲಬೇಕು ಅನ್ನುವ ಒತ್ತಡ. ಅಂಥ ಕಡೆ 17 ವರ್ಷದವನನ್ನು ನಾಲ್ಕನೇ ಸಾಲಿನ ತುದಿಯಲ್ಲಿ ಕೂರಿಸ್ತಾರೆ.

ಆಮೇಲೆ ಅವನನ್ನು ಸೋಚಿ ತಂಡಕ್ಕೆ ಎರವಲು ಕೊಟ್ಟರು. ಪಟ್ಟಿಯ ತಳದಲ್ಲಿದ್ದ ತಂಡ. ಸುಮ್ನೆ ಕೇಳಿದರೆ ಇದು ಹಿಂಬಡ್ತಿ ಅನ್ನಿಸುತ್ತೆ. ನನ್ನ ಪ್ರಕಾರ ಅವನಿಗೆ ಆದ ಅತಿ ದೊಡ್ಡ ಉಪಕಾರ ಅದು. ಸೋಚಿಯಲ್ಲಿ ಪವರ್ ಪ್ಲೇ (ಎದುರಾಳಿ ಶಿಕ್ಷೆಗೆ ಹೊರಗೆ ಕೂತು ಅವರಲ್ಲಿ ಒಬ್ಬ ಕಡಿಮೆ ಇರುವ ಹೊತ್ತು) ಬಂದರೆ ಐಸ್ ಮೇಲೆ ಅವನೇ, ಒಂದು ಗೋಲ್ ಹಿಂದಿದ್ದರೆ ಕೊನೆಯ ನಿಮಿಷದಲ್ಲೂ ಅವನೇ. ತಪ್ಪು ಮಾಡಿ ಪಕ್, ಅಂದರೆ ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ, ಕಳೆದುಕೊಂಡರೆ, ಎರಡು ನಿಮಿಷ ಕೂತು ಮತ್ತೆ ಅದೇ ಜಾಗಕ್ಕೆ ಹೋಗಿ ಸರಿಯಾಗಿ ಮಾಡುವ ಅವಕಾಶ ಇತ್ತು. ಆ ಸೀಸನ್ 27 ಪಂದ್ಯಕ್ಕೆ 20 ಅಂಕ, ಅಂದರೆ ಹೊಡೆದ ಗೋಲ್ ಮತ್ತು ಗೋಲ್‌ಗೆ ಪಾಸ್ ಕೊಟ್ಟ ಅಸಿಸ್ಟ್ ಸೇರಿ. 18 ತುಂಬಿದ ಹುಡುಗ, ದೊಡ್ಡವರ ಲೀಗ್, ಸೋಲುವ ತಂಡ. 2023ರ ಏಪ್ರಿಲ್‌ನಲ್ಲಿ ಅವನ ತಂದೆ ತೀರಿಕೊಂಡರು, ಜೂನ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ಡ್ರಾಫ್ಟ್. ಮುಂದಿನ ಸೀಸನ್‌ನಲ್ಲಿ ಎಸ್‌ಕೆಎ ಪರ ಒಂದೇ ಒಂದು ಪಂದ್ಯ ಆಡಿಸಿ ಮತ್ತೆ ಸೋಚಿಗೇ ಕಳಿಸಿದರು. ಅಲ್ಲಿ 41 ಅಂಕ ಮಾಡಿದ.

2024ರ ಜೂನ್‌ನಲ್ಲಿ ಎಸ್‌ಕೆಎ ಕರಾರನ್ನು ತಾನೇ ಬಿಡಿಸಿಕೊಟ್ಟಿತು. 2026 ಅಂತ ಎಲ್ಲರೂ ಹೇಳಿದ್ದು ಸುಳ್ಳಾದದ್ದು ಹೀಗೆ. ಕರಾರು ಹರಿದು ಓಡಿ ಬಂದದ್ದಲ್ಲ, ಕ್ಲಬ್ ಬಿಟ್ಟಿತು, ಇವನು ಜುಲೈ 1ಕ್ಕೆ ಫ್ಲೈಯರ್ಸ್ ಜೊತೆ ಸಹಿ ಹಾಕಿದ. ಕ್ಲಬ್ ಬಿಡದೇ ಇದ್ದಿದ್ದರೆ ನೀವು ಇನ್ನೂ ಎರಡು ವರ್ಷ ಕಾಯಬೇಕಿತ್ತು, ಫ್ಲೈಯರ್ಸ್ ಏನೂ ಮಾಡುವಂತಿರಲಿಲ್ಲ.

ಡೆಮಿಡೋವ್ ಕತೆ ಪಕ್ಕದಲ್ಲಿಟ್ಟು ನೋಡಿ. ಇವನೂ ಎಸ್‌ಕೆಎ ಹುಡುಗನೇ. 2023–24ರಲ್ಲಿ ಎಮ್‌ಎಚ್‌ಎಲ್‌ನಲ್ಲಿ 30 ಪಂದ್ಯಕ್ಕೆ 60 ಅಂಕ. ಆ ಲೀಗ್ ಅವನಿಗೆ ಯಾವ ರೀತಿಯಲ್ಲೂ ಸಾಲುತ್ತಿರಲಿಲ್ಲ. 2024ರಲ್ಲಿ ಲಾಸ್ ವೇಗಸ್‌ನಲ್ಲಿ ಮಾಂಟ್ರಿಯಲ್ ಅವನನ್ನು 5ನೆಯವನಾಗಿ ಆರಿಸಿತು. ಅವನಿಗೆ ಉಳಿದಿದ್ದದ್ದು ಒಂದೇ ವರ್ಷದ ಕರಾರು. ಆ ಒಂದು ವರ್ಷ ಅವನನ್ನು ಎರವಲು ಕೊಡಲಿಲ್ಲ, ದೊಡ್ಡ ತಂಡದಲ್ಲೇ ಇಟ್ಟುಕೊಂಡರು, ಆದರೆ ಶುರುವಿನಲ್ಲಿ ಕೆಲವು ಪಂದ್ಯಗಳಲ್ಲಿ ಕೆಲವೇ ನಿಮಿಷ ಐಸ್ ಮೇಲೆ ಬಿಟ್ಟರು. ಒಂದು ರಾತ್ರಿ ಚೆನ್ನಾಗಿ ಆಡಿದ್ದಾನೆ, ಮರು ಪಂದ್ಯಕ್ಕೆ 13ನೇ ಫಾರ್ವರ್ಡ್, ಅಂದರೆ ಹೆಚ್ಚುವರಿ ಆಟಗಾರ ಆಗಿ ಕೂತಿದ್ದಾನೆ. ಇಷ್ಟೆಲ್ಲ ಆದರೂ ಸೀಸನ್ ಮುಗಿಯುವಾಗ 65 ಪಂದ್ಯಕ್ಕೆ 49 ಅಂಕ. 20 ವರ್ಷದೊಳಗಿನ ಆಟಗಾರ ಒಂದು ಕೆಎಚ್‌ಎಲ್ ಸೀಸನ್‌ನಲ್ಲಿ ಅಷ್ಟು ಅಂಕ ಮಾಡಿದ್ದು ಅದೇ ಮೊದಲು. ಈ ಹುಡುಗನ ತಾಳ್ಮೆ ನನಗೆ ಅವನ ಕೈಚಳಕಕ್ಕಿಂತ ಜಾಸ್ತಿ ಇಷ್ಟ.

2025ರ ವಸಂತದಲ್ಲಿ ಎಸ್‌ಕೆಎ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಸೋತಿತು, ಏಪ್ರಿಲ್‌ನಲ್ಲಿ ಕರಾರು ಬಿಡಿಸಿಕೊಟ್ಟರು, ಡೆಮಿಡೋವ್ ವಿಮಾನ ಹತ್ತಿದ. ಏಪ್ರಿಲ್ 14ರಂದು ಷಿಕಾಗೋ ಎದುರು ಮೊದಲ ಪಂದ್ಯ, ಅದರಲ್ಲೇ ಒಂದು ಗೋಲ್, ಒಂದು ಅಸಿಸ್ಟ್. ಹಿಂದೆಯೇ ಪ್ಲೇಆಫ್, ಎದುರಿಗೆ ವಾಷಿಂಗ್ಟನ್ ತಂಡದ ಒವೆಚ್ಕಿನ್. ಅದೇ ಏಪ್ರಿಲ್ 6ರಂದು 895ನೇ ಗೋಲ್ ಹೊಡೆದು ವೇಯ್ನ್ ಗ್ರೆಟ್ಜ್ಕಿ ದಾಖಲೆ ಮುರಿದಿದ್ದ ಒವೆಚ್ಕಿನ್! ತಿಂಗಳ ಹಿಂದೆ ಪೀಟರ್ಸ್‌ಬರ್ಗ್‌ನಲ್ಲಿದ್ದ ಹುಡುಗ, 19 ವರ್ಷ, ಆ ಮನುಷ್ಯನ ಎದುರು ಪ್ಲೇಆಫ್ ಆಡ್ತಿದ್ದಾನೆ. ಮಾಂಟ್ರಿಯಲ್ ಆ ಸರಣಿ ಸೋತಿತು, ಆದರೂ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲಿ ಸಿಗಬೇಕು?

ನಿಧಾನವಾಗಿ ಬಂದವರ ಬಗ್ಗೆಯೂ ಹೇಳಲೇಬೇಕು, ಯಾಕಂದ್ರೆ ಬೇಗ ಬಂದವನೇ ಜಾಣ ಅನ್ನುವ ಭಾವನೆ ಇಲ್ಲಿ ತುಂಬಾ ಇದೆ. ಕಿರಿಲ್ ಕಪ್ರಿಝೋವ್ ಸೈಬೀರಿಯಾದ ನೊವೊಕುಜ್ನೆಟ್ಸ್ಕ್‌ನವನು, ಉಕ್ಕು ಕಲ್ಲಿದ್ದಲಿನ ಊರು. 2015ರಲ್ಲಿ 5ನೇ ರೌಂಡ್‌ನಲ್ಲಿ, 135ನೆಯವನಾಗಿ ಮಿನೆಸೊಟಾ ಆರಿಸಿತು. ಆಮೇಲೆ 5 ವರ್ಷ ಅವನು ರಷ್ಯದಲ್ಲೇ ಇದ್ದ. ಊರಿನ ತಂಡ, ಆಮೇಲೆ ಉಫಾ, ಆಮೇಲೆ ಮಾಸ್ಕೋದ ಸಿಎಸ್‌ಕೆಎ. 2018ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಜರ್ಮನಿ ಎದುರು ಹೆಚ್ಚುವರಿ ಸಮಯದಲ್ಲಿ ಚಿನ್ನದ ಗೋಲ್ ಹೊಡೆದವನು ಇವನೇ. 2019ರಲ್ಲಿ ಗಗಾರಿನ್ ಕಪ್ ಗೆದ್ದ. 2020ರ ಜುಲೈನಲ್ಲಿ ಮಿನೆಸೊಟಾಗೆ ಸಹಿ ಹಾಕಿದಾಗ ಅವನಿಗೆ 23. ಮೊದಲ ಪಂದ್ಯದಲ್ಲೇ ಹೆಚ್ಚುವರಿ ಸಮಯದಲ್ಲಿ ಗೋಲ್, 55 ಪಂದ್ಯಕ್ಕೆ 51 ಅಂಕ, ವರ್ಷದ ಶ್ರೇಷ್ಠ ಹೊಸಬನಿಗೆ ಕೊಡುವ ಕಾಲ್ಡರ್ ಟ್ರೋಫಿ.

ಇಲ್ಲಿ ದುಡ್ಡಿನ ಲೆಕ್ಕವೂ ಇದೆ. ಎನ್‌ಎಚ್‌ಎಲ್‌ಗೆ ಹೊಸದಾಗಿ ಬರುವವನ ಮೊದಲ ಕರಾರಿಗೆ ಮಿತಿ ಇದೆ. ಮಿಚ್ಕೋವ್ ವರ್ಷದವರಿಗೆ ಮೂಲ ಸಂಬಳ ಹೆಚ್ಚೆಂದರೆ 9,50,000 ಡಾಲರ್, ಅದರ ಮೇಲೆ ಬೋನಸ್. 21ರೊಳಗೆ ಸಹಿ ಹಾಕಿದವನಿಗೆ ಈ ಮೊದಲ ಕರಾರು 3 ವರ್ಷ, 22–23ಕ್ಕೆ ಬಂದವನಿಗೆ 2 ವರ್ಷ, 24ಕ್ಕೆ ಬಂದರೆ 1 ವರ್ಷ. ಕಪ್ರಿಝೋವ್‌ನ 2 ವರ್ಷದಲ್ಲಿ ಮೊದಲನೆಯದು ಆಗಲೇ ಮುಗಿಯುತ್ತಿದ್ದ 2019–20ರ ಸೀಸನ್‌ಗೆ ಸೇರಿತು, ಅಂದರೆ ಆಡದೇ ಒಂದು ವರ್ಷ ಕಳೆಯಿತು. ಒಂದೇ ಸೀಸನ್ ಆಡಿ, 2021ರ ಸೆಪ್ಟೆಂಬರ್‌ನಲ್ಲಿ 5 ವರ್ಷಕ್ಕೆ 4.5 ಕೋಟಿ ಡಾಲರ್ ಕರಾರು ಮಾಡಿಕೊಂಡ. 2025ರಲ್ಲಿ 8 ವರ್ಷಕ್ಕೆ 13.6 ಕೋಟಿ ಡಾಲರ್, ಎನ್‌ಎಚ್‌ಎಲ್ ಇತಿಹಾಸದಲ್ಲೇ ಅಷ್ಟು ದೊಡ್ಡ ಕರಾರು ಅಲ್ಲಿಯವರೆಗೆ ಆಗಿರಲಿಲ್ಲ. 135ನೆಯವನು! ರಷ್ಯದಲ್ಲಿ ಕಳೆದ 5 ವರ್ಷ ವ್ಯರ್ಥ ಆಯಿತು ಅಂತ ಯಾರಾದರೂ ಹೇಳಿದರೆ ನಾನಂತೂ ಒಪ್ಪಲ್ಲ. ಗೋಲ್‌ಕೀಪರ್‌ಗಳಿಗೆ ಇದು ಇನ್ನೂ ನಿಜ. 2014ರಲ್ಲಿ ಡ್ರಾಫ್ಟ್ ಆದ ಶೆಸ್ಟೆರ್ಕಿನ್ ನ್ಯೂಯಾರ್ಕ್‌ಗೆ ಬಂದದ್ದು 2019ಕ್ಕೆ, ಅದೇ ಡ್ರಾಫ್ಟ್‌ನ ಸೊರೊಕಿನ್ 2020ಕ್ಕೆ.

ಇನ್ನು 16–17ಕ್ಕೇ ಹೊರಟುಬಿಡುವ ದಾರಿ. ಇದು ಹೊಸದೇನಲ್ಲ. ಕೆನಡಾದ ಮೂರು ದೊಡ್ಡ ಜೂನಿಯರ್ ಲೀಗ್‌ಗಳನ್ನು ಸೇರಿಸಿ ಸಿಎಚ್‌ಎಲ್ ಅಂತಾರೆ. ಹೊರದೇಶದ ಹುಡುಗರನ್ನು ಆರಿಸಲು ಅವರದೇ ಬೇರೆ ಡ್ರಾಫ್ಟ್ ಇದೆ, ಒಂದು ತಂಡದಲ್ಲಿ ಇಂತಿಷ್ಟೇ ವಿದೇಶಿಯರು ಅಂತ ಮಿತಿ ಇದೆ. ಹುಡುಗ ಬಂದು ಒಂದು ಸ್ಥಳೀಯ ಕುಟುಂಬದ ಮನೆಯಲ್ಲಿ ಇರ್ತಾನೆ, ಇದಕ್ಕೆ ಬಿಲೆಟ್ ಮನೆ ಅಂತಾರೆ. ಆ ಮನೆಯವರೇ ಊಟ ಹಾಕ್ತಾರೆ, ಶಾಲೆಗೆ, ಪ್ರಾಕ್ಟೀಸ್‌ಗೆ ಬಿಡ್ತಾರೆ, ಅವರ ಮಕ್ಕಳ ಜೊತೆ ಇವನು ಇಂಗ್ಲಿಷ್ ಕಲಿಯುತ್ತಾನೆ. ಒಂದು ಸೀಸನ್‌ಗೆ 68ರ ಹತ್ತಿರ ಪಂದ್ಯ, ರಾತ್ರಿಯಿಡೀ ಬಸ್ ಪ್ರಯಾಣ, ಎನ್‌ಎಚ್‌ಎಲ್ ಅಳತೆಯ ರಿಂಕ್, ಅಂದರೆ ಐಸ್ ಅಂಗಳ. ವಾರದಲ್ಲಿ ಮೂರು ಪಂದ್ಯ ಆಡಿ ಮೈ ಹೇಗೆ ನೋಡಿಕೊಳ್ಳಬೇಕು ಅನ್ನುವುದನ್ನು ಅಲ್ಲೇ ಕಲಿಯುತ್ತಾರೆ.

ಬಾರ್ನೌಲ್ ಊರಿನ ಆಂಡ್ರೇ ಸ್ವೆಚ್ನಿಕೋವ್ ಇದಕ್ಕೆ ಒಳ್ಳೆಯ ಉದಾಹರಣೆ. 2016ರಲ್ಲಿ 16ಕ್ಕೇ ಮಿಷಿಗನ್‌ನ ಮಸ್ಕೀಗನ್‌ಗೆ ಬಂದ. ಅಲ್ಲಿಂದ ಸ್ವಲ್ಪ ದೂರದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ ಅವನ ಅಣ್ಣ ಎವ್ಗೆನಿ ಎನ್‌ಎಚ್‌ಎಲ್‌ನ ಕೆಳಗಿನ ಲೀಗ್ ಆದ ಎಎಚ್‌ಎಲ್ ಆಡ್ತಿದ್ದ. ಮರುವರ್ಷ ಒಂಟಾರಿಯೊದ ಬ್ಯಾರಿ ಕೋಲ್ಟ್ಸ್, 2018ರಲ್ಲಿ ಡ್ರಾಫ್ಟ್‌ನ 2ನೆಯವನು, ಅದೇ ಅಕ್ಟೋಬರ್‌ನಿಂದ ಕ್ಯಾರೊಲೈನಾ ತಂಡದಲ್ಲಿ. ಅಣ್ಣ ಹತ್ತಿರ ಇದ್ದದ್ದು ಎಷ್ಟು ಅನುಕೂಲ ಆಗಿರಬೇಕು ಯೋಚಿಸಿ. ಪರದೇಶದಲ್ಲಿ 16 ವರ್ಷದ ಹುಡುಗನಿಗೆ ಎಲ್ಲಕ್ಕಿಂತ ಕಷ್ಟ ಆಗೋದು ಪ್ರಾಕ್ಟೀಸ್ ಮುಗಿದ ಮೇಲಿನ ಹೊತ್ತು. ನಿಕಿತಾ ಕುಚೆರೋವ್ ಸ್ವಲ್ಪ ದೊಡ್ಡವನಾಗಿ ಬಂದ. 2011ರಲ್ಲಿ 58ನೆಯವನಾಗಿ ಡ್ರಾಫ್ಟ್ ಆಗಿ, 2012–13ರಲ್ಲಿ ಕ್ವಿಬೆಕ್‌ನ ಜೂನಿಯರ್ ಲೀಗ್‌ನಲ್ಲಿ ಎರಡು ತಂಡ ನೋಡಿ, ಆಮೇಲೆ ಎಎಚ್‌ಎಲ್‌ನ ಸಿರಾಕ್ಯೂಸ್, ಆಮೇಲೆ ಎನ್‌ಎಚ್‌ಎಲ್‌ನ ಟ್ಯಾಂಪಾ. 2023–24ರಲ್ಲಿ 144 ಅಂಕ ಮಾಡಿದ ಆಟಗಾರ ಇವನೇ.

ಹಾಗಂತ ಬೇಗ ಬಂದವರೆಲ್ಲ ಗೆದ್ದಿಲ್ಲ. ನೈಲ್ ಯಾಕುಪೋವ್ ಸಾರ್ನಿಯಾದಲ್ಲಿ ಜೂನಿಯರ್ ಆಡಿ 2012ರಲ್ಲಿ ಇಡೀ ಡ್ರಾಫ್ಟ್‌ಗೇ ಮೊದಲನೆಯವನಾದ. 2018ರ ಹೊತ್ತಿಗೆ ರಷ್ಯಕ್ಕೆ ವಾಪಸ್. ಇಂಗ್ಲಿಷ್ ಬರ್ತಿತ್ತು, ರಿಂಕ್ ಗೊತ್ತಿತ್ತು, ವೀಸಾ ತೊಂದರೆ ಇರಲಿಲ್ಲ. ಆದರೂ ಆಗಲಿಲ್ಲ. 16ಕ್ಕೇ ಬಂದರೆ ಒಳ್ಳೆಯದಾ ಅಂತ ಕೇಳಿದಿರಲ್ಲ, ನನ್ನ ಉತ್ತರ ಇದು: ಹುಡುಗ ಇರುವ ಕ್ಲಬ್‌ನಲ್ಲಿ 17ರಿಂದ 20ರವರೆಗೆ ಅವನಿಗೆ ನಿಜವಾಗಿ ನಿಮಿಷ ಸಿಗುವ ಹಾಗಿದ್ದರೆ ಅಲ್ಲೇ ಇರಲಿ. ದೊಡ್ಡವರ ಎದುರು ದಿನಾ ಆಡುವುದಕ್ಕೆ ಸಮಾನವಾದದ್ದು ಜೂನಿಯರ್ ಲೀಗ್‌ನಲ್ಲಿ ಸಿಗಲ್ಲ. ನಿಮಿಷ ಸಿಗುವ ಲಕ್ಷಣ ಇಲ್ಲ ಅಂದರೆ, ಉದ್ದದ ಕರಾರಿಗೆ ಸಹಿ ಹಾಕುವ ಮೊದಲೇ ಹೊರಡಬೇಕು. ಸಹಿ ಹಾಕಿ ಆಮೇಲೆ ಯೋಚನೆ ಮಾಡುವವರೇ ಸಿಕ್ಕಿಹಾಕಿಕೊಳ್ಳೋದು.

ಈ ಜೂನಿಯರ್ ದಾರಿಯೂ ನಡುವೆ ಮುಚ್ಚಿತ್ತು. 2022ರಲ್ಲಿ ಸಿಎಚ್‌ಎಲ್ ತನ್ನ ವಿದೇಶಿ ಡ್ರಾಫ್ಟ್‌ನಿಂದ ರಷ್ಯ, ಬೆಲಾರುಸ್ ಹುಡುಗರನ್ನು ಹೊರಗಿಟ್ಟಿತು, 2024ರಲ್ಲಿ ಮತ್ತೆ ಬಾಗಿಲು ತೆರೆಯಿತು. ಆ ನಡುವೆ 17 ತುಂಬಿದವರಿಗೆ ಆ ಡ್ರಾಫ್ಟ್ ಮೂಲಕ ಕೆನಡಾಗೆ ಬರುವ ದಾರಿ ಇರಲಿಲ್ಲ. ಈಗ ಇನ್ನೊಂದು ಬದಲಾವಣೆ ಬಂದಿದೆ. 2025ರ ಆಗಸ್ಟ್‌ನಿಂದ ಸಿಎಚ್‌ಎಲ್ ಆಡಿದವರೂ ಅಮೆರಿಕದ ಕಾಲೇಜು ಹಾಕಿಗೆ ಹೋಗಬಹುದು, ಮೊದಲು ಅದು ಆಗುತ್ತಿರಲಿಲ್ಲ. ಇದು ನಿಮ್ಮ ಮಗನಿಗೂ ಸಂಬಂಧಪಟ್ಟ ವಿಷಯ, ಒಂದು ಕಣ್ಣಿಟ್ಟಿರಿ.

ಜನ ಗಮನಿಸದ ಒಂದು ನಿಯಮ ಇದೆ. ಕೆನಡಾದ ಜೂನಿಯರ್ ಲೀಗ್‌ನಿಂದ ಡ್ರಾಫ್ಟ್ ಆದ ಹುಡುಗ ಸಾಮಾನ್ಯವಾಗಿ 20 ತುಂಬುವ ತನಕ ಎಎಚ್‌ಎಲ್ ಆಡುವಂತಿಲ್ಲ. ಎನ್‌ಎಚ್‌ಎಲ್‌ಗೆ ಸಿದ್ಧ ಇಲ್ಲ ಅಂದರೆ ವಾಪಸ್ ಜೂನಿಯರ್‌ಗೇ ಹೋಗಬೇಕು. ನೇರವಾಗಿ ರಷ್ಯದ ಕ್ಲಬ್‌ನಿಂದ ಡ್ರಾಫ್ಟ್ ಆದವನಿಗೆ ಈ ಕಟ್ಟು ಇಲ್ಲ, 18–19ಕ್ಕೇ ಎಎಚ್‌ಎಲ್‌ಗೆ ಇಳಿಸಬಹುದು. ಎಎಚ್‌ಎಲ್ ಅಂದರೆ ಎನ್‌ಎಚ್‌ಎಲ್‌ನ ಕೆಳಗಿನ ಲೀಗ್, ಅಲ್ಲೂ 32 ತಂಡ, ಪ್ರತಿಯೊಂದೂ ಮೇಲಿನ ಒಂದು ತಂಡಕ್ಕೆ ಜೋಡಿ. ಅಲ್ಲಿ ಒಂದು ವರ್ಷ ಕಳೆಯೋದನ್ನು ರಷ್ಯದ ಕೆಲವು ಹುಡುಗರು ಅವಮಾನ ಅಂದುಕೊಳ್ತಾರೆ. ಕುಚೆರೋವ್ ಸಿರಾಕ್ಯೂಸ್‌ನಲ್ಲಿ, ಶೆಸ್ಟೆರ್ಕಿನ್ ಹಾರ್ಟ್‌ಫರ್ಡ್‌ನಲ್ಲಿ ಆಡಿಯೇ ಮೇಲೆ ಬಂದದ್ದು.

ಬಂದ ಮೇಲೆ ಮೊದಲು ತೊಡಕಾಗೋದು ರಿಂಕ್‌ನ ಅಗಲ. ಹಳೆಯ ಅಂತಾರಾಷ್ಟ್ರೀಯ ಅಳತೆ 30 ಮೀಟರ್, ಎನ್‌ಎಚ್‌ಎಲ್‌ನಲ್ಲಿ 26ರ ಹತ್ತಿರ. ಕೆಎಚ್‌ಎಲ್‌ನಲ್ಲೂ ಹಲವು ರಿಂಕ್‌ಗಳನ್ನು ಈಗ ಕಿರಿದು ಮಾಡಿದ್ದಾರೆ, ಆದರೂ ಚಿಕ್ಕಂದಿನಿಂದ ಅಗಲದಲ್ಲಿ ಆಡಿದ ಕಾಲಿಗೆ ಅದರ ಅಭ್ಯಾಸ ಉಳಿದಿರುತ್ತೆ. 4 ಮೀಟರ್ ಏನು ಮಹಾ ಅನ್ನಿಸಬಹುದು. ವಿಂಗರ್, ಅಂದರೆ ಅಂಚಿನಲ್ಲಿ ಆಡುವವನೊಬ್ಬ, ತನ್ನ ಕಡೆಯ ಬೋರ್ಡ್ ಪಕ್ಕದಲ್ಲಿ, ಗೋಡೆ ಕಡೆ ಮುಖ ಮಾಡಿ ಪಕ್ ತಗೋತಾನೆ. ಅಗಲದ ರಿಂಕ್‌ನಲ್ಲಾದರೆ ತಿರುಗಿ, ತಲೆ ಎತ್ತಿ, ಯಾರು ಎಲ್ಲಿದ್ದಾರೆ ಅಂತ ನೋಡಿ ಪಾಸ್ ಕೊಡುವಷ್ಟು ಹೊತ್ತು ಇರುತ್ತೆ. ಇಲ್ಲಿ ಅವನು ತಿರುಗುವಷ್ಟರಲ್ಲಿ ಎದುರಾಳಿ ಡಿಫೆನ್ಸ್‌ಮನ್ ಭುಜ ಎದೆಗೆ ಬಂದಿರುತ್ತೆ. ಪಕ್ ಸ್ಟಿಕ್‌ಗೆ ತಾಗುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿ, ಮುಂದೇನು ಅಂತ ತೀರ್ಮಾನ ಮಾಡಿರಬೇಕು. ನಿಮ್ಮ ಮಗನ ಜೊತೆ ಮುಂದಿನ ಸಲ ಪಂದ್ಯಕ್ಕೆ ಹೋದಾಗ ಪಕ್ ನೋಡೋದು ಬಿಟ್ಟು ಮಿಚ್ಕೋವ್‌ನ ತಲೆಯನ್ನೇ ನೋಡಿ, ಪಕ್ ಬರುವ ಮೊದಲು ಎಷ್ಟು ಸಲ ಆ ಕಡೆ ಈ ಕಡೆ ತಿರುಗುತ್ತೆ ಅಂತ.

ಎರಡನೆಯದು, ಪಕ್ ಇಲ್ಲದಾಗಿನ ಕೆಲಸ. ಮಿಚ್ಕೋವ್ ಮೊದಲ ಸೀಸನ್‌ನಲ್ಲಿ 80 ಪಂದ್ಯಕ್ಕೆ 26 ಗೋಲ್, ಒಟ್ಟು 63 ಅಂಕ ಮಾಡಿದ. ಆ ವರ್ಷದ ಹೊಸಬರಲ್ಲಿ ಅವನದೇ ಅತಿ ಹೆಚ್ಚು ಗೋಲ್. ಸೀಸನ್‌ಗೆ 82 ಪಂದ್ಯ, ಉಳಿದ 2 ಎಲ್ಲಿ ಹೋಯಿತು? ನವೆಂಬರ್‌ನಲ್ಲಿ ಕೋಚ್ ಜಾನ್ ಟೋರ್ಟೊರೆಲ್ಲಾ ಅವನನ್ನು ಹೊರಗೆ ಕೂರಿಸಿದ್ದರು. ಆಗ ಫಿಲಡೆಲ್ಫಿಯಾದಲ್ಲಿ ದೊಡ್ಡ ಗಲಾಟೆ ಆಯಿತು, ನಿಮಗೆ ನೆನಪಿರಬೇಕು. ರಷ್ಯದಲ್ಲಿ ಬೆಂಚ್‌ಗೆ ಹಾಕಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಇಲ್ಲಿ ತಂಡಕ್ಕೆ ಅವನು ಹತ್ತು ವರ್ಷಕ್ಕೆ ಬೇಕು, ಎರಡು ಪಂದ್ಯ ಮೇಲಿಂದ ಕೂತು ನೋಡಲಿ ಅನ್ನುವುದು ಪಾಠದ ಭಾಗ. ಆ ಕೋಚ್‌ನ ರೀತಿ ನನಗೆ ಪೂರ್ತಿ ಇಷ್ಟವಾಗಿರಲಿಲ್ಲ, ಆದರೆ ಆ ಒಂದು ನಿರ್ಧಾರ ಹುಡುಗನಿಗೆ ಕೆಟ್ಟದ್ದೇನೂ ಮಾಡಲಿಲ್ಲ.

ಸೇನೆಯ ವಿಷಯ ಬಿಡುವ ಹಾಗಿಲ್ಲ. ರಷ್ಯದಲ್ಲಿ ಗಂಡು ಮಕ್ಕಳಿಗೆ ಒಂದು ವರ್ಷ ಕಡ್ಡಾಯ ಸೇನಾ ಸೇವೆ ಇದೆ, ವಯಸ್ಸಿನ ಮಿತಿ 18ರಿಂದ 27 ಇದ್ದದ್ದು 2024ರಿಂದ 30ಕ್ಕೆ ಏರಿದೆ. ಗೋಲ್‌ಕೀಪರ್ ಇವಾನ್ ಫೆಡೊಟೋವ್ 2022ರ ಮೇ ತಿಂಗಳಲ್ಲಿ ನಿಮ್ಮ ಫ್ಲೈಯರ್ಸ್ ಜೊತೆಗೇ ಸಹಿ ಹಾಕಿದ್ದ. ಜುಲೈ 1ಕ್ಕೆ ಪೀಟರ್ಸ್‌ಬರ್ಗ್‌ನಲ್ಲಿ ಅವನನ್ನು ಸೇನಾ ಸೇವೆ ತಪ್ಪಿಸಿಕೊಂಡ ಆರೋಪದ ಮೇಲೆ ಹಿಡಿದರು, ಉತ್ತರದ ಕಡೆಗೆ ಸೇವೆಗೆ ಕಳಿಸಿದರು. ಅವನು ಫಿಲಡೆಲ್ಫಿಯಾ ಪರ ಐಸ್‌ಗೆ ಇಳಿದದ್ದು 2024ರ ಏಪ್ರಿಲ್ 1ಕ್ಕೆ. ಇಪ್ಪತ್ತೈದು ದಾಟಿದ ಗೋಲ್‌ಕೀಪರ್‌ಗೆ ಎರಡು ವರ್ಷ ಅಂದರೆ ಸಣ್ಣ ಮಾತಲ್ಲ. ಅದಾದ ಮೇಲೆ ಬೇಸಿಗೆ ರಜೆಗೆ ಮನೆಗೆ ಹೋಗಲೋ ಬೇಡವೋ ಅನ್ನುವುದೇ ಈ ಹುಡುಗರಿಗೆ ಒಂದು ಲೆಕ್ಕಾಚಾರ ಆಗಿದೆ. ವೀಸಾ ಕೂಡ ಸುಲಭ ಇಲ್ಲ. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿ 2021ರಿಂದ ಸಾಮಾನ್ಯ ವೀಸಾ ಕೆಲಸ ನಿಲ್ಲಿಸಿದೆ, ಬೇರೆ ದೇಶಕ್ಕೆ ಹೋಗಿ ಮಾಡಿಸಿಕೊಂಡು ಬರಬೇಕು.

ಹಳೆಯ ಕಾಲಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ, ನಿಜ. 1989ರಲ್ಲಿ ಅಲೆಕ್ಸಾಂಡರ್ ಮೊಗಿಲ್ನಿ ಸ್ಟಾಕ್‌ಹೋಮ್‌ನಲ್ಲಿ ಸೋವಿಯತ್ ತಂಡ ಬಿಟ್ಟು ಓಡಿಹೋದ, ಮರುವರ್ಷ ಸೆರ್ಗೇಯ್ ಫೆಡೊರೊವ್ ಪೋರ್ಟ್‌ಲ್ಯಾಂಡ್‌ನಲ್ಲಿ. 2006ರಲ್ಲೂ, ಸೋವಿಯತ್ ಹೋಗಿ 15 ವರ್ಷ ಆದಮೇಲೂ, ಮ್ಯಾಗ್ನಿಟೋಗೋರ್ಸ್ಕ್‌ನ ಎವ್ಗೆನಿ ಮಾಲ್ಕಿನ್ ಹೆಲ್ಸಿಂಕಿ ವಿಮಾನ ನಿಲ್ದಾಣದಲ್ಲಿ ತನ್ನ ಕ್ಲಬ್ ತಂಡದಿಂದ ತಪ್ಪಿಸಿಕೊಂಡು, ಕೆಲವು ದಿನ ಅಡಗಿದ್ದು ಅಮೆರಿಕಕ್ಕೆ ಹಾರಬೇಕಾಯಿತು. ಕ್ಲಬ್‌ನವರು ಒತ್ತಾಯ ಮಾಡಿ ಹೊಸ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು ಅಂತ ಅವನು ಹೇಳಿದ್ದ. ಇವತ್ತಿನ ಹುಡುಗರು ಕರಾರು ಮುಗಿಸಿಯೋ ಬಿಡಿಸಿಕೊಂಡೋ ಬರ್ತಾರೆ.

ಕೊನೆಯದಾಗಿ, ಯಾರು ಬರ್ತಾರೆ ಅಂತ ತಿಳಿಯೋದು ಹೇಗೆ. ಹೊಸ ಹೆಸರು ಕೇಳಿದಾಗ ಗೋಲ್ ಎಷ್ಟು ಅಂತ ಹುಡುಕುವ ಮೊದಲು ಕರಾರು ಯಾವ ವರ್ಷಕ್ಕೆ ಮುಗಿಯುತ್ತೆ ಅಂತ ಹುಡುಕಿ, ಅದು ಗುಟ್ಟಾಗಿ ಇರಲ್ಲ, ಡ್ರಾಫ್ಟ್ ದಿನ ಎಲ್ಲರೂ ಬರೆದಿರ್ತಾರೆ. ಆಮೇಲೆ ಕೆಎಚ್‌ಎಲ್ ಪಂದ್ಯದ ಸ್ಕೋರ್‌ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ನಿಮಿಷಗಳ ಅಂಕಣ ನೋಡಿ. 15 ನಿಮಿಷಕ್ಕಿಂತ ಜಾಸ್ತಿ ಆಡ್ತಿದ್ದು, ಪವರ್ ಪ್ಲೇಯಲ್ಲೂ ಇದ್ದರೆ ಅವನು ಚಿಕ್ಕ ತಂಡದಲ್ಲಿದ್ದರೂ ಪರವಾಗಿಲ್ಲ, ಬೆಳೀತಾ ಇದ್ದಾನೆ. ದೊಡ್ಡ ತಂಡದಲ್ಲಿ ಐದು ನಿಮಿಷ ಆಡ್ತಿದ್ದರೆ ಅವನ ಅಂಕಗಳಿಂದ ಏನೂ ಗೊತ್ತಾಗಲ್ಲ. ಡ್ರಾಫ್ಟ್ ಆದ ಮೇಲೆ ಕ್ಲಬ್ ಜೊತೆ ಕರಾರು ಮುಂದುವರಿಸಿದ್ದಾನಾ ಅನ್ನುವುದು ಮುಖ್ಯ. ಮುಂದುವರಿಸಿದರೆ ಬರಲ್ಲ ಅಂತೇನೂ ಅಲ್ಲ. 2020ರಲ್ಲಿ 69ನೆಯವನಾಗಿ ಡ್ರಾಫ್ಟ್ ಆದ ಡಿಫೆನ್ಸ್‌ಮನ್ ಅಲೆಕ್ಸಾಂಡರ್ ನಿಕಿಶಿನ್, ಎಸ್‌ಕೆಎ ನಾಯಕನಾಗಿದ್ದು 2025ರ ಏಪ್ರಿಲ್‌ನಲ್ಲಿ ಕ್ಯಾರೊಲೈನಾಗೆ ಬಂದ. 2023ರಲ್ಲಿ ಮಿಚ್ಕೋವ್‌ಗಿಂತ ಒಂದು ಜಾಗ ಮುಂಚೆ, 6ನೆಯವನಾಗಿ ಆಯ್ಕೆಯಾದ ಡ್ಮಿಟ್ರಿ ಸಿಮಾಶೆವ್ ಮತ್ತು ಅದೇ ಡ್ರಾಫ್ಟ್‌ನ 12ನೆಯವನಾದ ಡನೀಲ್ ಬೂಟ್ ಇಬ್ಬರೂ ಯಾರೋಸ್ಲಾವ್ಲ್‌ನಲ್ಲೇ ಇದ್ದು, 2025ರಲ್ಲಿ ಆ ಊರಿಗೆ ಮೊದಲ ಗಗಾರಿನ್ ಕಪ್ ಗೆದ್ದುಕೊಟ್ಟು, ಆಮೇಲೆ ಯೂಟಾ ತಂಡಕ್ಕೆ ಸಹಿ ಹಾಕಿದರು. ಇಬ್ಬರನ್ನೂ ಆರಿಸಿದಾಗ ಆ ತಂಡ ಇನ್ನೂ ಅರಿಜೋನಾದಲ್ಲಿತ್ತು, ಹುಡುಗರು ಕಾಯುವಷ್ಟರಲ್ಲಿ ತಂಡದ ಊರೇ ಬದಲಾಗಿತ್ತು.

ಇಂಥ ಸಹಿಗಳ ಸುದ್ದಿ ಹೆಚ್ಚಾಗಿ ಬರೋದು ರಷ್ಯದ ಪ್ಲೇಆಫ್ ಮುಗಿಯುವ ಏಪ್ರಿಲ್‌ನಿಂದ ಜುಲೈ ಮೊದಲ ವಾರದ ಒಳಗೆ. ನಿಮ್ಮ ಮಗ ವರ್ಷವಿಡೀ ವದಂತಿ ಓದಿ ತಲೆ ಕೆಡಿಸಿಕೊಳ್ಳೋದು ಬೇಡ, ಆ ಮೂರು ತಿಂಗಳು ಗಮನ ಇಟ್ಟರೆ ಸಾಕು.